ಇತರೆ

ನನ್ನ ಪ್ರಬಂಧದ ನಕ್ಷೆಯಲ್ಲಿ ಬೆಂಗಳೂರು
ನಾನೂರ ಮೂವತ್ತೆರಡು ಚೂರು.
ಒಂದೊಂದು ಚೂರಿಗೂ ಒಂದು ನಡುಬಿಂದು;
ಆ ಚೂರಿನ ಮಂದಿಯೆಲ್ಲ
ಅಲ್ಲೇ ಮಲಗಿ ಅಲ್ಲೇ ಏಳುತ್ತಾರೆಂದು
ತಂತ್ರಾಂಶದ ನಂಬಿಕೆ.

ನೂರಾ ನಲವತ್ತೇಳನೆಯದರ ನಡುಬಿಂದು
ಹುಡುಕಿಕೊಂಡು ಹೋದರೆ, ಲಗ್ಗೆರೆಯಾಚೆ
ಸ್ಮಶಾನದೊಳಗೆ ಬಿದ್ದಿತ್ತು.
ಅಂದರೆ ದಿನಾ ಬೆಳಿಗ್ಗೆ ಎಂಟಕ್ಕೆ
ಹನ್ನೆರಡು ಸಾವಿರ ಜನ
ಕಲ್ಲು ಸರಿಸಿ, ಮೈ ಕೊಡವಿ, ಊಟದ ಡಬ್ಬಿ ಹಿಡಿದು
ಪೀಣ್ಯಕ್ಕೆ ಹೊರಡುತ್ತಾರೆ,
ಸಂಜೆ ಆರೂವರೆಗೆ ಸಾಲುಗಟ್ಟಿ ಬಂದು
ಮತ್ತೆ ಮಣ್ಣಿಗಿಳಿಯುತ್ತಾರೆ.
ಗಾಂವ್ಕರ್ ಮೇಡಂಗೆ ತೋರಿಸಿದೆ. ನಗಲಿಲ್ಲ.
"ಇನ್ನೂರು ಮೀಟರ್ ಸರಿಸಮ್ಮ" ಅಂದರು.
ಸರಿಸಿದೆ.

ಅಪ್ಪ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು,
ಇಪ್ಪತ್ತಾರು ವರ್ಷ ತಡವಾದ ಬಸ್ಸುಗಳನ್ನು
ಕೆಂಪು ಸೀಸದಕಡ್ಡಿಯಲ್ಲಿ ಬರೆದಿಟ್ಟವರು.
ಕನ್ನಡಕ ಹಣೆಗೇರಿಸಿ ನನ್ನ ಸಮೀಕರಣ ನೋಡಿದರು.
"ಇದರಲ್ಲಿ ಟೀ ಎಲ್ಲಿ?"
"ಇದೇ ಟೀ, ಅಪ್ಪ. ಟೀ ಅಂದರೆ ಪ್ರಯಾಣದ ಕಾಲ."
"ಅದಲ್ಲವೇ. ಸುಮನಹಳ್ಳಿ ತಿರುವಲ್ಲಿ
ಡ್ರೈವರ್ ಕುಡಿಯೋ ಟೀ. ಅದನ್ನ ಬಿಟ್ಟು
ಯಾವ ಬಸ್ಸೂ ಬರಲ್ಲ ಕಣೆ."

ಎರಡನೇ ಸೆಮಿಸ್ಟರಿನಲ್ಲಿ ಹೊತ್ತಿಗೆ ಬೆಲೆ ಕಟ್ಟಲು ಕಲಿತೆವು.
ಒಂದು ಗಂಟೆಗೆ
ಕಾರಿನವರಿಗೆ ಇನ್ನೂರ ಹತ್ತು,
ಬೈಕಿಗೆ ತೊಂಬತ್ತು,
ಬಸ್ಸಿನವರಿಗೆ ಮೂವತ್ತೊಂದು ರೂಪಾಯಿ.
ನಡೆಯುವವರಿಗೆ ಕೋಷ್ಟಕದಲ್ಲಿ ಸಾಲೇ ಇರಲಿಲ್ಲ.
ಕೂಡಿಸಿ ಗುಣಿಸಿ ನೋಡಿ,
ಮೇಲ್ಸೇತುವೆ ಯಾವತ್ತೂ ಲಾಭದಲ್ಲೇ ಇರುತ್ತದೆ.

ಭಾನುವಾರದ ಲೆಕ್ಕಕ್ಕೆಂದು ಸುಂಕದಕಟ್ಟೆಯಲ್ಲಿ ನಿಂತಿದ್ದೆ,
ಕೈಯಲ್ಲಿ ರಟ್ಟು, ರಟ್ಟಿಗೆ ಕ್ಲಿಪ್ಪು, ಕ್ಲಿಪ್ಪಿಗೆ ಜನ.
ಪುಟ್ಟಹೊನ್ನಮ್ಮ, ಐವತ್ತೆರಡೋ ಐವತ್ತೈದೋ,
ಅಗರಬತ್ತಿ ಪ್ಯಾಕಿಂಗು.
ಬೆರಳಿಗೆ ಮಲ್ಲಿಗೆಯಲ್ಲದ ಮಲ್ಲಿಗೆಯ ವಾಸನೆ.

ಎಲ್ಲಿಂದ? "ಇಲ್ಲಿಂದ್ಲೇ."
ಎಲ್ಲಿಗೆ? "ಬನಶಂಕರಿಗೆ."
ಉದ್ದೇಶ? ಓದಿ ಹೇಳಿದೆ: ಒಂದು ಕೆಲಸ, ಎರಡು ಓದು,
ಮೂರು ಅಂಗಡಿ, ನಾಲ್ಕು ಆಸ್ಪತ್ರೆ, ಐದು ದೇವಸ್ಥಾನ...
"ಯಾವ್ದೂ ಅಲ್ಲ ಕಣವ್ವ. ಸುಮ್ಕೆ."
ಸುಮ್ಕೆ ಅಂದ್ರೆ?
"ಕಿಟಕಿ ಪಕ್ಕ ಸೀಟು ಸಿಕ್ರೆ ಹೋಯ್ತೀನಿ. ಇಳಿಯಾಕಿಲ್ಲ.
ಅದೇ ಬಸ್ಸಾಗೆ ವಾಪಸ್ ಬತ್ತೀನಿ.
ಈಗ ನಮಗೆ ಟಿಕೀಟು ಫ್ರೀ ಅಲ್ವಾ.
ಮೂವತ್ತು ವರ್ಸ ಆಯ್ತು ಈ ಊರಿಗೆ ಬಂದು,
ಈಗ ನೋಡ್ತಾ ಇವ್ನಿ.
ನಾಯಂಡಳ್ಳಿ ತಾವ ಒಂದು ಮನೆ,
ಮೂರನೇ ಮಹಡಿ ಮ್ಯಾಲೆ ಮೇಕೆ ಕಟ್ಟವ್ರೆ,
ಬಸ್ಸನ್ನೇ ನೋಡ್ಕೊಂಡು ನಿಂತಿರ್ತದೆ."

ಗುಲಾಬಿ ಚೀಟಿಯನ್ನು ಸುರುಳಿ ಸುತ್ತಿ
ಬಳೆಯ ಸಂದಿಗೆ ಸಿಕ್ಕಿಸಿಕೊಂಡಳು.
ಒಂಬತ್ತು, ಎಂದು ಬರೆದೆ.
ಒಂಬತ್ತು ಅಂದರೆ ಇತರೆ.

ಎಣಿಸಿದಾಗ ಅಂಥವು ನೂರಾ ಹದಿನೇಳು.
ಹೊರಟಲ್ಲಿಗೇ, ಎಲ್ಲೂ ಇಳಿಯದೆ ಮರಳುವುದು
ಪ್ರಯಾಣವಲ್ಲ ಎಂದು ಕೈಪಿಡಿ ಹೇಳುತ್ತದೆ.
ಜರಡಿ ಹಿಡಿದಾಗ ಉದುರಿಹೋದವು,
ಎಂದು ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿದೆ.
ಉದುರಿಸಿದ್ದು ನಾನು.
ಒಂದು ಸಾಲಿನ ಆಜ್ಞೆ, ಒಂದು ಎಂಟರ್ ಕೀಲಿ.
ಮಾದರಿ ಆಗ ಎಷ್ಟು ಚೆಂದ ಕೂತಿತೆಂದರೆ
ಗಾಂವ್ಕರ್ ಮೇಡಂ ಮೊದಲ ಸಲ ನಕ್ಕರು.

ಗುರುವಾರ ಮೌಖಿಕ ಪರೀಕ್ಷೆ.
ಅಷ್ಟರೊಳಗೆ ಎರಡು ಭಾನುವಾರ
ನಾನೂ ಆ ಬಸ್ಸು ಹತ್ತಿದೆ,
ಕಿಟಕಿಯ ಪಕ್ಕವೇ ಕೂತೆ, ಇಳಿಯದೆ ಬಂದೆ.
ನೀರಿನ ಟ್ಯಾಂಕು ಕಂಡವು, ಒಣಗಿದ ಸೀರೆ,
ಗಾಳಿಪಟ ಸಿಕ್ಕಿಕೊಂಡ ಡಿಶ್ಶು,
ಮಹಡಿಯ ಮೇಲೆ ಯಾರೋ ತಲೆಗೆ ಬಣ್ಣ ಹಚ್ಚುತ್ತಿದ್ದರು.
ಮೇಕೆ ಕಾಣಲಿಲ್ಲ.
ಯಾವ ಕಡೆಯ ಕಿಟಕಿ ಎಂದು
ಅವಳನ್ನು ಕೇಳಿಯೇ ಇರಲಿಲ್ಲ.