ಐದ್ನೂರು ಶಬ್ದದ ಯಾದಿ

ಹುಬ್ಬಳ್ಳಿ ಕಾಲೇಜಿನಿಂದ ಶಗುಫ್ತಾ ಬಂದ್ಲು,
ಮೈಕು, ಲ್ಯಾಪ್‌ಟಾಪು, ಐದ್ನೂರು ಶಬ್ದದ ಯಾದಿ.
ಬೆಟಗೇರಿ ಓಣ್ಯಾಗ ಮಗ್ಗ ಊಟಕ್ಕ ನಿಂತಾಗಷ್ಟ
ರೆಕಾರ್ಡಿಂಗು.

'ನೀರು' ಅಂದ ಚಿದಂಬರ, ಕೊಳ್ಳಿನ ನರ ಬಿಗದು.
ಮಷೀನು 'ಊರು' ಅಂತು.
ಮತ್ತೊಮ್ಮೆ. ನಲವತ್ತು ಸಲ.
ನಲವತ್ತೊಂದಕ್ಕ ಪರದೆ ಮ್ಯಾಲ ನೀರು ಮೂಡ್ತು;
ಅವ್ವ ಓಡಿ ತಂಬಿಗಿ ತಂದ್ಲು.

ಇಪ್ಪತ್ತಾರು ವರ್ಷ ಅಂವನ ದುಭಾಷಿ ನಾನು.
ಡಾಕ್ಟರಿಗೆ, ಬ್ಯಾಂಕಿನವರಿಗೆ,
ಮದವಿಮನ್ಯಾಗ 'ಪಾಪ' ಅಂದವರಿಗೆ
ಅಂವ ಅಂದದ್ದೊಂದು, ನಾ ಹೇಳಿದ್ದೊಂದು:
ಬೈಗುಳ ಸೋಸಿ, ಮ್ಯಾಲಿಷ್ಟು ಸಕ್ಕರಿ ಉದುರಿಸಿ
'ಆರಾಮ ಅದೇನಿ ಅಂತಾನ್ರಿ.'

ಮೊನ್ನೆ ಸೋದರಮಾವ ಬಂದು ಕೇಳಿದ, ನನ್ನನ್ನ:
'ಹೆಂಗದಾನವಾ ನಿನ್ನ ತಮ್ಮ?'
ನಾ ಬಾಯಿ ತೆಗೆಯೂದರಾಗ ಗಂಡುದನಿಯೊಂದು,
ರೇಡಿಯೋ ವಾರ್ತೆಯ ಮಡಿ ಕನ್ನಡದಾಗ:
'ದಯವಿಟ್ಟು ನನ್ನನ್ನು ಕೇಳು, ಭಾಡ್ಯಾ.'

ಮಾವ ಅರ್ಧ ಚಾ ಬಿಟ್ಟು ಎದ್ದ. ಅವ್ವನ ಬಾಯಿಗೆ ಸೆರಗು.
ಚಿದಂಬರ ನಕ್ಕ ನಗಿಯನ್ನ ಮಷೀನು
'ಹತ್ತಿ, ಹತ್ತಿ, ಹತ್ತಿ' ಅಂತ ಬರಕೊಂತು.

ಎಷ್ಟು ಸರಿ, ಎಷ್ಟು ತಪ್ಪು, ಫಾರ್ಮು ತುಂಬಬೇಕಿತ್ತು.
ಫೋನಿನ್ಯಾಗ ಶಗುಫ್ತಾ ಅಂದ್ಲು:
ಆ ಶಬ್ದ ಯಾದಿಯೊಳಗ ಇರಲಿಲ್ಲಲ್ರೀ ಅಕ್ಕಾ.
ಇರಲಿಲ್ಲ.
ಯಾವಾಗ ಕಲಿಸಿದನೋ,
ನಾ ಮನ್ಯಾಗ ಇರದ ಯಾವ ಮಧ್ಯಾನ.