ಉಪ್ಪಿಲ್ಲದ ದಂಡಿ

ಮೂರು ವರ್ಷ ವಾಸ್ಕೋದಾಗ ಇದ್ದೆ,
ಕಡಲಿಗೆ ಮಾರಿ ಮಾಡಿದ ಹೋಟೆಲಿನ ಹಿತ್ತಲದಾಗ,
ಅರಬಿ ಒಗಿಯೊ ಖೋಲ್ಯಾಗ.
ಟವೆಲ್ ಜಾಡಿಸಿದ್ರ ಉಸುಕು ಉದುರತಿತ್ತು.
ನನಗ ಗೊತ್ತಿದ್ದ ಕಡಲು ಅಷ್ಟ,
ಸಂಜಿಗೆ ಕಸಬರಿಗೀಲೆ ಬಳಿಯೂವಷ್ಟು.

ಈಗ ಎಡಗೈ ಮ್ಯಾಲೆ ಠಸ್ಸಿ,
ನೀಲಿ ಮಸಿ, ತಾರೀಖು, ಹದಿನಾಕು ದಿನ.
ಊರಾಗ ಬರೊ ದಾರಿಗೆ ಜಾಲಿಮುಳ್ಳು ಎಳದಾರ.
ಸೋದರಮಾವ ಹುಲಗಪ್ಪ ಮುಳ್ಳಿನ ಆಕಡಿಂದ್ಲೇ ಅಂದ:
"ಮೀನಿನ ಸೊಸೈಟಿ ಖೋಲಿ ಖಾಲಿ ಐತಿ, ಹಿನ್ನೀರ ದಂಡ್ಯಾಗ.
ಬಲಿ ಅದಾವ, ಮೂಲಿಗೆ ಸರಿಸಿ ಮಕ್ಕೊ."

ಹಿಂಗ ಸಿಕ್ಕಿತು ನನಗೂ ಒಂದು ದಂಡಿ,
ಬಾಗಲಕೋಟಿ ಮುಳುಗಿದ ಓಣಿಗಳ ಬಾಜೂಕ.
ಇಂಥಾ ಕಿಟಕಿಗೆ ಅಲ್ಲಿ ಸೀ ವ್ಯೂ ಅಂತ
ದಿನಕ್ಕ ನಾಕು ಸಾವಿರ ಹಚ್ಚತಿದ್ರು.
ಮೊದಲನೇ ಮುಂಜಾನೆ ಬೊಗಸಿ ತುಂಬಿ
ಬಾಯಿಗೆ ಹಾಕ್ಕೊಂಡು ನೋಡಿದೆ.
ಸಪ್ಪಗ. ಸ್ವಲ್ಪ ಕೆಸರು.
ಘಟಪ್ರಭಾ ಯಾರಿಗೂ ಕಡಲಂತ ಸುಳ್ಳು ಹೇಳಿಲ್ಲ.

ಹತ್ತಕ್ಕ ಮಾವ ಬರತಾನ.
ಕಲ್ಲಿನ ಮ್ಯಾಲೆ ರೊಟ್ಟಿ ಗಂಟು ಇಟ್ಟು
ಇಪ್ಪತ್ತು ಹೆಜ್ಜಿ ಹಿಂದ ಸರದು ಕುಂದರತಾನ.
"ವಾಸನಿ ಬರತೈತೇನು ಮೂಗಿಗೆ?"
"ಬಲಿ ವಾಸನಿ ಬರತೈತಿ."
"ಹಂಗಾರ ಆರಾಮ ಅದಿ."
ಬೀಡಿ ಮುಗಿಯೂಮಟ ಮಾತಿಲ್ಲ.
ಆಮ್ಯಾಲೆ ಸೈಕಲ್ಲು, ಆಮ್ಯಾಲೆ ಧೂಳು,
ಆಮ್ಯಾಲೆ ಪೂರಾ ದಿನ
ನಾನು, ನೀರು, ರೀವ ಹಕ್ಕಿ.

ಸೇತುವಿ ಮ್ಯಾಲೆ ರೈಲು ಇಲ್ಲ.
ರಾತ್ರಿ ಒಮ್ಮೆ ಸುಮ್ಮನ ಕೆಮ್ಮಿ ನೋಡಿದೆ,
ನನ್ನ ದನಿ ಇನ್ನೂ ಐತೇನು ಅಂತ.
ದೂರದಾಗ ಒಂದು ನಾಯಿ ಓಗೊಟ್ಟಿತು.
ಸಾಕಾತು.

ಬ್ಯಾಸಗಿ ಬಲತಂಗ ನೀರು
ದಿನಾ ನಾಕು ಬಟ್ಟು ಹಿಂದ ಸರೀತಿತ್ತು,
ಅದಕ್ಕೂ ಯಾರೋ ಅಂತರ ಕಾಯ್ಕೊ ಅಂದಂಗ.
ಐದನೇ ದಿನ ಒಂದು ಹೊಸ್ತಿಲ ಎದ್ದಿತು.
ಗ್ವಾಡಿ ಇಲ್ಲ, ಮಾಳಗಿ ಇಲ್ಲ, ಬರೇ ಹೊಸ್ತಿಲ.
ಏಳನೇ ದಿನ ಒಂದು ಒರಳು.
ಒರಳಿನ ಕುಣ್ಯಾಗ ಬಟ್ಟುದ್ದದ ಮೀನು,
ನನ್ನಂಗ ಒಬ್ಬಾಕಿ.

ನೀರಿಗೆ ಬಿಡಬೇಕಿತ್ತು. ಬಿಡಲಿಲ್ಲ.
ಬಿಸಲಿಗೆ ಕುಣಿ ಒಣಗತೈತಿ ಅಂತ
ಮುಂಜಾನೆ ಒಂದು ಚರಗಿ, ಸಂಜಿಗೆ ಒಂದು ಚರಗಿ
ಹಾಕಿಕೋತ ಕುಂತೆ.
ಜೊತಿ ಬೇಕಾಗಿತ್ತು, ಇನ್ನೇನು.
ಹನ್ನೊಂದನೇ ದಿನ ಒರಳು ತುಂಬೇ ಇತ್ತು,
ಮೀನು ಇರಲಿಲ್ಲ.
ಕೆಸರಾಗ ಕೊಕ್ಕರಿ ಹೆಜ್ಜಿ, ಮೂರ ಮೂರು ಗೀಟು.
ಆ ದಿನ ರೊಟ್ಟಿ ಗಂಟು ಬಿಚ್ಚಲಿಲ್ಲ.

ವಾಸ್ಕೋದ ಮುಕಾದಮ ಫೋನ್ ಮಾಡಿದ್ದ,
ಹೋಟೆಲ್ ತೆಗದ ಮ್ಯಾಲೆ ಹೇಳತೀನಿ ಅಂತ.
"ಏನ ಮಾಡಾಕತ್ತಿ?" ಅಂದ.
ನೀರು ನೋಡಾಕತ್ತೀನಿ, ಅಂದೆ.
ನಕ್ಕ. ಇಲ್ಲಿ ಮೂರು ವರ್ಷ
ಒಮ್ಮೆನೂ ನೋಡಲಿಲ್ಲಲ್ಲ, ಅಂದ.
ಹೊತ್ತು ಕೊಟ್ಟಿದ್ದಿ ಏನು, ಅಂತ ಕೇಳಬೇಕಿತ್ತು.
ಫೋನಿನ ಚಾರ್ಜ್ ತೀರಿತು.

ಹದಿನಾಕು ಮುಗದು ಹದಿನೈದನೇ ಮುಂಜಾನೆ,
ಠಸ್ಸಿ ಅಳಕ್ಯಾಗಿ ಬರೇ ನೀಲಿ ಕಲಿ ಉಳದಿತ್ತು.
ಮಾವ ಬಂದ, ರೂಢಿ ಬಿಡದ
ಇಪ್ಪತ್ತು ಹೆಜ್ಜಿ ದೂರ ಕುಂತ.
ನಾ ಆ ಹೊಸ್ತಿಲಿನ ಒಳಮಗ್ಗಲ ನಿಂತಿದ್ದೆ,
ಒಳಗ ಯಾವುದು, ಹೊರಗ ಯಾವುದು
ನೀರಿಗೇ ಗೊತ್ತು.
"ಬಾ ಮಾವ, ಒಳಗ ಬಾ," ಅಂದೆ.

ಅಂವ ಎದ್ದ. ಹೊಸ್ತಿಲ ನೋಡಿದ,
ಒರಳು ನೋಡಿದ, ಹೊಳ್ಳಿ ಹೊಸ್ತಿಲ ನೋಡಿದ.
"ಇದು ದಾವಲಸಾಬನ ಮನಿ," ಅಂದ ಸಣ್ಣ ದನೀಲೆ.
"ಬಾಗಲ ಬಾಳ ಗಿಡ್ಡ ಇತ್ತು."

ಕಾಲ್ಮರಿ ಬಿಟ್ಟ.
ಬಟಾಬಯಲಾಗ, ಮ್ಯಾಲೆ ಬರೇ ಆಕಾಶ ಇದ್ದಲ್ಲಿ,
ತಲಿ ಬಗ್ಗಿಸಿ ಒಳಗ ಬಂದ.