ಮೇಣದ ಗಾಂಧಾರ

ಇಟ್ಟಿಗೆಗೂಡಿನ ನಮ್ಮ ವೀಣೆ ಅಂಗಡಿಗೆ
ಅವನು ಗಿಟಾರು ತಂದದ್ದು ಹೊದಿಕೆಯಿಲ್ಲದೆ,
ಕಂಕುಳಲ್ಲಿ,
ಜ್ವರ ಬಂದ ಕೋಳಿಯನ್ನು ತರುವ ಹಾಗೆ.

"ಮೆಟ್ಟಿಲುಗಳ ನಡುವಿನ ಮರ ಕೆರೆದು ತೆಗೀಬೇಕು,
ತೆಪ್ಪದ ಹೊಟ್ಟೆ ಥರ.
ಬೆರಳೊತ್ತಿದರೆ ಸ್ವರ ತೂಗಬೇಕು."

ಉಳಿ ಮಸೆಯುತ್ತಿದ್ದ ಅಪ್ಪ ತಲೆಯೆತ್ತಲಿಲ್ಲ.
"ತೆಗೆದ ಮರ ಮತ್ತೆ ಅಂಟಲ್ಲ."
"ಗೊತ್ತು ಸಾರ್."
"ಯಾವ ಮರ ಅಂತ ಗೊತ್ತೇನು?"
"ಬೀಟೆ. ನಮ್ಮ ಕಾಡಿನದೇ.
ಹಡಗು ಹತ್ತಿ ಹೋಗಿ
ಹೆಸರು ಬದಲಿಸಿಕೊಂಡು ವಾಪಸು ಬಂದಿದೆ."
ಅಪ್ಪ ನಕ್ಕನೋ, ಕೆಮ್ಮಿದನೋ.
ಕೆಲಸ ನನ್ನ ಪಾಲಿಗೆ ಬಿತ್ತು.

ನೋಯೆಲ್ ಇನ್ನಾಸಪ್ಪ. ಮನೆ ಲಷ್ಕರ್ ಮೊಹಲ್ಲ.
ತಾತ ಚೌರಪ್ಪನವರು ಅರಮನೆ ಬ್ಯಾಂಡಿನ ಕ್ಲಾರಿನೆಟ್ಟು:
ಬೆಳಿಗ್ಗೆ ಮಾರ್ಚು, ಸಂಜೆ ವರ್ಣ,
ಎರಡಕ್ಕೂ ಅದೇ ರೀಡು, ಅದೇ ಎಂಜಲು.
"ಎರಡನ್ನೂ ಹೇಗೆ ಬೆರೆಸ್ತೀರಿ ಅಂತ ಕೇಳ್ತಾರೆ ಅಕ್ಕ,
ನಮ್ಮನೇಲಿ ಅವು ಯಾವತ್ತು ಬೇರೆಯಾಗಿದ್ದವು?"

ಹನ್ನೊಂದು ದಿನ ಕೆರೆದೆ.
ಅವನು ಮಣೆಯ ಮೇಲೆ ಕೂತು
ಮೂಲೆ ಹೋಟೆಲಿನ ಕಾಫಿ ಊದಿ ಊದಿ ಕುಡಿದ,
ಪ್ರವಾಸಿ ಹಡಗಿನ ಬಾರಿನಲ್ಲಿ ನುಡಿಸಿದ
ನಾಲ್ಕು ವರ್ಷಗಳನ್ನು ಕಂತಿನಲ್ಲಿ ಹೇಳಿದ.
ಅಲ್ಲೊಬ್ಬ ಸೆನೆಗಲ್‌ನ ಅಡುಗೆಯವನು
ತಟ್ಟೆ ತೊಳೆಯುತ್ತ ಬಡಿಯುತ್ತಿದ್ದನಂತೆ, ಐದು, ಏಳು, ಮತ್ತೆ ಐದು.
"ನಾನು ಖಂಡ ಅಂದೆ, ಮಿಶ್ರ ಅಂದೆ.
ಅವನು, ನಮ್ಮಜ್ಜಿ ಅಂದ.
ಕಾಳು ಕುಟ್ಟೋಳಂತೆ."

ಅಕ್ಕಿಯಷ್ಟು ಅಕ್ಕಿಯಷ್ಟೇ ಮರ ಏಳುತ್ತಿತ್ತು.
ಒಳಗೆ ಅದು ಕಪ್ಪಲ್ಲ,
ಹಣ್ಣಾದ ನೇರಳೆಯ ಸಿಪ್ಪೆಯ ಕೆಳಗಿನ ಬಣ್ಣ.
ಪುಡಿ ಎಸೆಯಲು ಮನಸ್ಸಾಗದೆ
ಹಾರ್ಲಿಕ್ಸ್ ಬಾಟಲಿಗೆ ತುಂಬಿಟ್ಟೆ.

ತಂತಿ ಕಟ್ಟಿದ ದಿನ
ಏಪ್ರಿಲ್ ಮಧ್ಯಾಹ್ನ, ಕರೆಂಟಿಲ್ಲ.
ಅಪ್ಪ ಚಾಮುಂಡಿಪುರದ ಟೀಚರಮ್ಮನ ವೀಣೆಗೆ ಮೇಳ ಕಟ್ಟುತ್ತಿದ್ದ,
ಮೂರನೇ ಮೆಟ್ಟಿಲು, ಮೇಣ ಇನ್ನೂ ಬಿಸಿ.

ನೋಯೆಲ್ ಒಂದೇ ಸ್ವರ ಮೀಟಿ ಪಕ್ಕಕ್ಕೆ ಎಳೆದ.
ಸಾಧಾರಣ ಗಾಂಧಾರ ಬಿಟ್ಟು ಹೊರಟಿತು,
ಅಂತರ ಗಾಂಧಾರದ ಬಾಗಿಲು ತಟ್ಟಲಿಲ್ಲ,
ನಡುಬೀದಿಯಲ್ಲಿ ನಿಂತುಬಿಟ್ಟಿತು.

"ಇದಕ್ಕೆ ಮೆಟ್ಟಿಲಿಲ್ಲ ಸಾರ್.
ಇನ್ನೊಬ್ಬರ ಹೊಲದಲ್ಲಿ ಹತ್ತಿ ಬಿಡಿಸಿದವರು
ಇಲ್ಲೇ ನಿಂತು ಹಾಡಿದ್ದು.
ಕೂರೋಕೆ ಜಾಗ ಕೊಟ್ಟಿರಲಿಲ್ಲ ಅವರಿಗೆ."

ಅಪ್ಪನ ಕೈ ಹಾಗೇ ನಿಂತಿತ್ತು.
ಮೇಣ ಆರುವುದು ಯಾರನ್ನೂ ಕೇಳುವುದಿಲ್ಲ.
ವಾರದ ಮೇಲೆ ಟೀಚರಮ್ಮ ವೀಣೆ ಹೊತ್ತು ಬಂದರು:
"ಮೂರನೇ ಮನೆ ಯಾಕೋ ಅಳುತ್ತಲ್ಲ ರೀ."
"ಸೆಕೆ ಅಮ್ಮ, ಮೇಣ ಸಡಿಲ," ಅಂದ ಅಪ್ಪ,
ಸುಳ್ಳು ಬಾರದವನು,
ಕಿವಿ ಕೆಂಪಾಗಿ.

ಅಂದು ರಾತ್ರಿ ಹೊಸ ಮೇಣ ಕಾಸಿದ.
ಇದ್ದಿಲ ಪುಡಿಯ ಮೂಟೆ ಕಾಲ ಬಳಿಯೇ ಇತ್ತು,
ಅರ್ಧಕ್ಕಿಂತ ಹೆಚ್ಚು.
ನಾನು ನಿದ್ದೆ ಬಂದವಳ ಹಾಗೆ ಗೋಡೆಗೊರಗಿದ್ದೆ.
ಬಾಟಲಿಯ ಮುಚ್ಚಳ ತಿರುಗಿದ ಸದ್ದು.
ಆಮೇಲೆ ಅಂಗಡಿ ತುಂಬ
ಬೀಟೆಯ ವಾಸನೆ.